ಡ್ರೋನ್ ಚಿಕ್ಕದಾದ ಮಾತ್ರಕ್ಕೆ ಎಲ್ಲೆಂದರಲ್ಲಿ ಹಾರಿಸುವಂತಿಲ್ಲ!

ಮದುವೆಯಿಂದ ಜಾತ್ರೆಯವರೆಗೆ ಎಲ್ಲೆಡೆ ಈಗ ಡ್ರೋನ್ ಕ್ಯಾಮೆರಾಗಳದ್ದೇ ಸದ್ದು. ಜೊತೆಗೇ, ‘250 ಗ್ರಾಂ ಒಳಗಿನ ಡ್ರೋನ್‌ಗೆ ಯಾವ ಅನುಮತಿಯೂ ಬೇಡ’ ಎಂಬ ತಪ್ಪು ಕಲ್ಪನೆಯೂ ಹಬ್ಬಿದೆ. ವಿಮಾನ ನಿಲ್ದಾಣದ ಸುತ್ತಲೇ ಜನವಸತಿ ಇರುವ ಮುಂಬೈನಂಥ ನಗರದಲ್ಲಿ ಇದು ಅಪಾಯಕಾರಿ.

2021ರ ಡ್ರೋನ್ ನಿಯಮಗಳ ಪ್ರಕಾರ ಇಂಥ ನ್ಯಾನೊ ಡ್ರೋನ್‌ಗೆ ಪೈಲಟ್ ಲೈಸೆನ್ಸ್ ಬೇಡ ಎಂಬುದು ನಿಜ. 2 ಕೆ.ಜಿ.ವರೆಗಿನ ಮೈಕ್ರೋ ಡ್ರೋನ್‌ಗೂ ವಿನಾಯಿತಿ ಇದೆ. ಆದರೆ ಹಣ ಪಡೆದು ಚಿತ್ರೀಕರಿಸುವವರಿಗೆ ಅದು ಅನ್ವಯಿಸದು. ಎಲ್ಲಿ ಹಾರಿಸಬೇಕು ಎಂಬ ವಿಚಾರದಲ್ಲಂತೂ ತೂಕದ ರಿಯಾಯಿತಿಯೇ ಇಲ್ಲ.

ಕೆಂಪು ವಲಯದಲ್ಲಿ ಹಾರಿಸಲು ಕೇಂದ್ರ ಸರ್ಕಾರದ, ಹಳದಿ ವಲಯದಲ್ಲಿ ವಾಯು ಸಂಚಾರ ನಿಯಂತ್ರಣ ಕೇಂದ್ರದ ಅನುಮತಿ ಕಡ್ಡಾಯ. ನಿಲ್ದಾಣದ ಗಡಿಯಿಂದ 8ರಿಂದ 12 ಕಿ.ಮೀ. ನಡುವೆ 200 ಅಡಿಗಿಂತ ಮೇಲಿನ ಆಕಾಶ ಹಳದಿ ವಲಯ. ಹಸಿರು ವಲಯದಲ್ಲಿ ಸಾಮಾನ್ಯ ಮಿತಿ 400 ಅಡಿ.

ಇಷ್ಟು ಕಟ್ಟುನಿಟ್ಟು ಏಕೆ? ವಿಮಾನ ಸಾಮಾನ್ಯವಾಗಿ 3 ಡಿಗ್ರಿ ಕೋನದಲ್ಲಿ ಇಳಿಯುತ್ತದೆ. ರನ್‌ವೇಗೆ 2 ಕಿ.ಮೀ. ಬಾಕಿ ಇರುವಾಗ ಅದರ ಎತ್ತರ ಸುಮಾರು 400 ಅಡಿ ಮಾತ್ರ. ಅಂದರೆ, ಬೇರೆಡೆ ಕಾನೂನುಬದ್ಧವಾದ ಎತ್ತರವೇ ಇಲ್ಲಿ ವಿಮಾನದ ದಾರಿ.

ಪೊಲೀಸರು ಯಾವುದೇ ಪ್ರದೇಶವನ್ನು 96 ಗಂಟೆಗಳವರೆಗೆ ತಾತ್ಕಾಲಿಕ ಕೆಂಪು ವಲಯವೆಂದು ಘೋಷಿಸಬಹುದು. ಹೀಗಾಗಿ ನಿನ್ನೆ ಹಾರಿಸಿದ ಜಾಗ ಇಂದು ನಿಷಿದ್ಧವಾಗಿರಬಹುದು. ಹಾರಿಸುವ ಮುನ್ನ ‘ಡಿಜಿಟಲ್ ಸ್ಕೈ’ ನಕ್ಷೆ ನೋಡುವ ಹೊಣೆ ರಿಮೋಟ್ ಹಿಡಿದವರದ್ದೇ. ತಪ್ಪಿದರೆ ದಂಡ 1 ಲಕ್ಷ ರೂಪಾಯಿವರೆಗೆ. ವಿಮಾನದಲ್ಲಿರುವವರ ಜೀವಕ್ಕೆ ಹೋಲಿಸಿದರೆ ಅದೇನೂ ದೊಡ್ಡದಲ್ಲ.