ಹನ್ನೆರಡು ವರ್ಷ ತೆರೆದಿದ್ದ ಬಾಗಿಲು

ಕಾಗೆಯನ್ನು ಓಡಿಸಲು ಕೈಯಲ್ಲಿದ್ದ ರತ್ನವನ್ನೇ ಎಸೆದವನ ದೃಷ್ಟಾಂತವನ್ನು ಕೇಳದ ಜೈನ ಮನೆ ಇರಲಾರದು. ದ್ವಾದಶಾನುಪ್ರೇಕ್ಷೆಗಳಲ್ಲಿ ಹನ್ನೊಂದನೆಯದು ಬೋಧಿದುರ್ಲಭ. ಮನುಷ್ಯಜನ್ಮ ದುರ್ಲಭ, ಅದರಲ್ಲಿಯೂ ಸದ್ಧರ್ಮ ಶ್ರವಣ ದುರ್ಲಭ, ಕೇಳಿದ್ದನ್ನು ಅರಿತು ಆಚರಿಸುವ ಬುದ್ಧಿ ಅದಕ್ಕಿಂತಲೂ ದುರ್ಲಭ ಎಂದು ಚಾತುರ್ಮಾಸದ ಪ್ರವಚನಗಳಲ್ಲಿ ಮುನಿಗಳು ಹೇಳುವಾಗ ಮುಂಬಯಿ, ಪುಣೆ, ಹೈದರಾಬಾದುಗಳ ಶ್ರಾವಕರು ತಲೆದೂಗುತ್ತಾರೆ. ತಲೆದೂಗಿ ಮನೆಗೆ ಹಿಂದಿರುಗಿದ ಅದೇ ಸಮಾಜ, ಒಮ್ಮೆ ಕೈತಪ್ಪಿದರೆ ಮತ್ತೆ ಸಿಗದ ಲೌಕಿಕ ಅವಕಾಶವೊಂದನ್ನು ಹೇಗೆ ಬಳಸಿತೆಂಬ ಪ್ರಶ್ನೆಯನ್ನು ಈಗ ಕೇಳಲೇಬೇಕಾಗಿದೆ.

2014ರ ಜನವರಿ 27ರಂದು ಕೇಂದ್ರ ಸರ್ಕಾರವು ಜೈನರನ್ನು ರಾಷ್ಟ್ರಮಟ್ಟದ ಅಲ್ಪಸಂಖ್ಯಾತ ಸಮುದಾಯವೆಂದು ಅಧಿಸೂಚಿಸಿತು. ಅದು ಸುಲಭವಾಗಿ ಬಂದುದಲ್ಲ. ರಾಷ್ಟ್ರೀಯ ಅಲ್ಪಸಂಖ್ಯಾತ ಆಯೋಗದ 1992ರ ಕಾಯ್ದೆಯಡಿ 1993ರ ಅಕ್ಟೋಬರಿನಲ್ಲಿ ಐದು ಸಮುದಾಯಗಳ ಪಟ್ಟಿ ಹೊರಬಿದ್ದಾಗ ಜೈನರ ಹೆಸರು ಅದರಲ್ಲಿರಲಿಲ್ಲ. ಮರುವರ್ಷವೇ ಆಯೋಗ ಜೈನರ ಸೇರ್ಪಡೆಗೆ ಶಿಫಾರಸು ಮಾಡಿದರೂ ಕಡತ ಮುಂದೆ ಸರಿಯಲಿಲ್ಲ. ಬಾಳ ಪಾಟೀಲರ ಅರ್ಜಿಯ ಮೇಲೆ 2005ರ ಆಗಸ್ಟಿನಲ್ಲಿ ತೀರ್ಪಿತ್ತ ಸರ್ವೋಚ್ಚ ನ್ಯಾಯಾಲಯ, ಸರ್ಕಾರಕ್ಕೆ ಅಂತಹ ನಿರ್ದೇಶನ ನೀಡಲು ನಿರಾಕರಿಸಿತು. ಇಪ್ಪತ್ತು ವರ್ಷಗಳ ಮನವಿ, ಮೆರವಣಿಗೆ, ಮೊಕದ್ದಮೆಗಳ ಬಳಿಕ ಬಾಗಿಲು ತೆರೆಯಿತು. ತೆರೆದವರಿಗೆ ಲೋಕಸಭಾ ಚುನಾವಣೆ ಹತ್ತಿರವಾಗಿತ್ತೆಂಬುದೂ ನಿಜ. ಆದರೆ ಬಾಗಿಲು ಯಾವ ಕಾರಣಕ್ಕೆ ತೆರೆಯಿತೆಂಬುದಕ್ಕಿಂತ, ತೆರೆದ ಮೇಲೆ ಎಷ್ಟು ಮಕ್ಕಳು ಒಳಹೋದರೆಂಬುದು ಮುಖ್ಯ.

ಅಂದು ಆದದ್ದೇನು? ನಗರ ನಗರಗಳಲ್ಲಿ ಅಭಿನಂದನಾ ಸಮಾರಂಭಗಳಾದವು. ಮಂತ್ರಿಗಳಿಗೆ ಶಾಲು ಹೊದಿಸಿದ್ದಾಯಿತು, ನಾಯಕರ ಭಾವಚಿತ್ರಗಳಿದ್ದ ಫಲಕಗಳು ಬೀದಿಯಲ್ಲಿ ಏರಿ ಇಳಿದವು. ಮಾರನೆಯ ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ ಅರ್ಜಿ ತುಂಬಿಸುವ ಮೇಜೊಂದನ್ನು ತಮ್ಮ ಬಸದಿಯ ಸಭಾಂಗಣದಲ್ಲಿ ಹಾಕಿದ ಸಂಘಗಳು ಮಾತ್ರ ವಿರಳ. ಅಧಿಸೂಚನೆಯನ್ನು ಪ್ರಶಸ್ತಿಪತ್ರವೆಂದು ಭಾವಿಸಿ ಚೌಕಟ್ಟು ಹಾಕಿಸಿದ ಸಮಾಜಕ್ಕೆ, ಅದು ಬಳಸಿದರಷ್ಟೇ ಬೆಲೆಯುಳ್ಳ ದಸ್ತಾವೇಜು ಎಂಬುದು ಹೊಳೆಯಲಿಲ್ಲ.

ಆ ದಸ್ತಾವೇಜಿನಲ್ಲಿ ಇದ್ದದ್ದು ಅಲ್ಪವೇನಲ್ಲ. ಒಂದರಿಂದ ಹತ್ತನೆಯ ತರಗತಿಯವರೆಗೆ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನ. ಅನಂತರ, ಕುಟುಂಬದ ವಾರ್ಷಿಕ ಆದಾಯ ಎರಡು ಲಕ್ಷ ರೂಪಾಯಿ ಮೀರದವರಿಗೆ ಮೆಟ್ರಿಕ್ ನಂತರದ ವೇತನ. ಎರಡೂವರೆ ಲಕ್ಷದ ಮಿತಿಯೊಳಗಿದ್ದು ವೃತ್ತಿಶಿಕ್ಷಣಕ್ಕೆ ಹೋಗುವವರಿಗೆ ಅರ್ಹತೆ-ಆದಾಯ ಆಧಾರಿತ ವೇತನ. ಇವುಗಳಲ್ಲಿ ಶೇಕಡ 30 ಹೆಣ್ಣುಮಕ್ಕಳಿಗೆ ಮೀಸಲು. ಸಂಶೋಧನೆ ಮಾಡುವವರಿಗೆ ಮೌಲಾನಾ ಆಜಾದ್ ಫೆಲೋಶಿಪ್, ವಿದೇಶ ವ್ಯಾಸಂಗದ ಸಾಲಕ್ಕೆ ಬಡ್ಡಿ ಸಹಾಯ, ಅಲ್ಪಸಂಖ್ಯಾತರ ಅಭಿವೃದ್ಧಿ ಮತ್ತು ಹಣಕಾಸು ನಿಗಮದ ಕಡಿಮೆ ಬಡ್ಡಿಯ ಶಿಕ್ಷಣ ಸಾಲ, ಕರ್ನಾಟಕದಲ್ಲಿ ನೆಲೆಯುಳ್ಳವರಿಗೆ ‘ಅರಿವು’ ಸಾಲ. ಹೊರನಾಡಿನ ಕನ್ನಡ ಜೈನರಿಗೆ ಇದರ ಬೆಲೆ ಇನ್ನೂ ಹೆಚ್ಚು. ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯ ಪ್ರವರ್ಗ 3-ಬಿಯಲ್ಲಿ ದಿಗಂಬರ ಜೈನರ ಹೆಸರಿದ್ದರೂ ರಾಜ್ಯದ ಗಡಿ ದಾಟಿ ಬದುಕು ಕಟ್ಟಿಕೊಂಡವರಿಗೆ ಆ ಪಟ್ಟಿ ನೆರವಾಗುವುದಿಲ್ಲ. ಮುಂಬಯಿಯಲ್ಲಿಯೂ ಚೆನ್ನೈಯಲ್ಲಿಯೂ ಜೊತೆಗೆ ಬರುವುದು ಕೇಂದ್ರದ ಈ ಮಾನ್ಯತೆಯೊಂದೇ.

ಈ ಬಾಗಿಲುಗಳಲ್ಲಿ ಕೆಲವು ಈಗಾಗಲೇ ಮುಚ್ಚಿವೆ. 2022-23ರಿಂದ ಮೆಟ್ರಿಕ್ ಪೂರ್ವ ವೇತನ ಒಂಬತ್ತು ಮತ್ತು ಹತ್ತನೆಯ ತರಗತಿಗಳಿಗಷ್ಟೇ ಸೀಮಿತವಾಯಿತು. ಅದೇ ವರ್ಷ ಮೌಲಾನಾ ಆಜಾದ್ ಫೆಲೋಶಿಪ್ ನಿಂತಿತು, ವಿದೇಶ ವ್ಯಾಸಂಗದ ಬಡ್ಡಿ ಸಹಾಯವೂ ನಿಂತಿತು. ಕೊಟ್ಟ ಸರ್ಕಾರಕ್ಕೆ ಹಾರ ಹಾಕಲು ಧಾವಿಸಿದ ನಾಯಕರಲ್ಲಿ ಕಿತ್ತುಕೊಂಡ ಸರ್ಕಾರವನ್ನು ಪ್ರಶ್ನಿಸಲು ಎದ್ದು ನಿಂತವರೆಷ್ಟು? ಬಳಸದಿದ್ದ ವಸ್ತು ಕಳೆದುಹೋದರೆ ದುಃಖವಾಗುವುದಿಲ್ಲ. ಮೌನಕ್ಕೆ ಅದೇ ಕಾರಣ.

ಈ ಉದಾಸೀನಕ್ಕೆ ಸಮಾಜ ಕೊಡುವ ಮೊದಲ ಸಮರ್ಥನೆ ಸ್ವಾಭಿಮಾನದ್ದು. ‘ಜೈನರು ಕೊಡುವವರು, ಕೈಯೊಡ್ಡುವವರಲ್ಲ.’ ಕೇಳಲು ಇಂಪಾದ ಈ ಮಾತನ್ನು ಆಡುವವರು ಸಾಮಾನ್ಯವಾಗಿ ಕೈಯೊಡ್ಡುವ ಅಗತ್ಯವೇ ಇಲ್ಲದವರು. ಬೆಳಗಾವಿ, ಸಾಂಗ್ಲಿ, ಕೊಲ್ಲಾಪುರಗಳ ಸಣ್ಣ ಹಿಡುವಳಿಯ ರೈತ, ತುಳುನಾಡಿನ ಬಸದಿಯೊಂದರಲ್ಲಿ ಪೂಜೆ ಮಾಡಿ ಬದುಕುವ ಇಂದ್ರರ ಮನೆ, ಮುಂಬಯಿಯ ಉಪನಗರದ ಒಂದೇ ಕೋಣೆಯಲ್ಲಿ ಮೂವರು ಮಕ್ಕಳನ್ನು ಸಾಕುವ ಅಂಗಡಿ ಗುಮಾಸ್ತ, ಇವರ ಪರವಾಗಿ ಸ್ವಾಭಿಮಾನವನ್ನು ಘೋಷಿಸುವ ಅಧಿಕಾರವನ್ನು ಧನಿಕರಿಗೆ ಕೊಟ್ಟವರಾರು? ಶ್ರೀಮಂತನ ಸ್ವಾಭಿಮಾನದ ವೆಚ್ಚವನ್ನು ಬಡವನ ಮಗಳು ತನ್ನ ಕಾಲೇಜನ್ನು ಬಿಟ್ಟು ಭರಿಸುತ್ತಾಳೆ.

ಸ್ವೀಕರಿಸುವುದು ಅವಮಾನವೆಂಬ ಭಾವನೆಗೆ ಜೈನಧರ್ಮದಲ್ಲಿ ಆಧಾರವೂ ಇಲ್ಲ. ಈ ಸಮಾಜ ಅತ್ಯಂತ ಎತ್ತರದಲ್ಲಿಟ್ಟು ಪೂಜಿಸುವ ದಿಗಂಬರ ಮುನಿ ನಿಂತ ನಿಲುವಿನಲ್ಲಿ ಬೊಗಸೆಯೊಡ್ಡಿಯೇ ಆಹಾರ ಸ್ವೀಕರಿಸುತ್ತಾನೆ. ಆ ಬೊಗಸೆಯಲ್ಲಿ ದೈನ್ಯವಿಲ್ಲ. ಪಡೆದುದನ್ನು ಯಾವ ಸಾಧನೆಗೆ ಬಳಸಬೇಕೆಂಬ ಸ್ಪಷ್ಟತೆಯಿದೆ. ಆಹಾರ, ಔಷಧ, ಅಭಯ, ಶಾಸ್ತ್ರವೆಂಬ ಚತುರ್ವಿಧ ದಾನಗಳು ಕೊಡುವವನಿಗೆಂದಷ್ಟೇ ಹುಟ್ಟಿದವುಗಳಲ್ಲ. ಯೋಗ್ಯವಾಗಿ ಪಡೆಯುವವನಿಲ್ಲದೆ ದಾನವೇ ಪೂರ್ಣವಾಗುವುದಿಲ್ಲ.

ಎರಡನೆಯ ಸಮರ್ಥನೆ ಅಂಕಿಗಳದ್ದು. 2011ರ ಜನಗಣತಿಯಂತೆ ದೇಶದ ಜೈನರು ಸುಮಾರು 44.5 ಲಕ್ಷ, ಅವರ ಸಾಕ್ಷರತೆ ಶೇಕಡ 94ಕ್ಕೂ ಅಧಿಕ, ಧಾರ್ಮಿಕ ಸಮುದಾಯಗಳಲ್ಲಿ ಅತ್ಯುನ್ನತ. ಇಂತಹ ಸಮುದಾಯಕ್ಕೆ ನೆರವೇಕೆ ಎನ್ನುತ್ತಾರೆ. ಲೆಕ್ಕ ಬಲ್ಲವರಿಗೆ ಗೊತ್ತು: ವಜ್ರದ ವ್ಯಾಪಾರಿಯನ್ನೂ ಕಬ್ಬಿನ ಗದ್ದೆಯ ಕೂಲಿಯನ್ನೂ ಕೂಡಿಸಿ ಎರಡರಿಂದ ಭಾಗಿಸಿದರೆ ಬರುವ ಉತ್ತರದಲ್ಲಿ ಇಬ್ಬರೂ ಕಾಣೆಯಾಗುತ್ತಾರೆ. ಓದಲು ಬರೆಯಲು ಬರುವುದು ಒಂದು, ವೈದ್ಯಕೀಯ ಕಾಲೇಜಿನ ಶುಲ್ಕ ಕಟ್ಟುವುದು ಇನ್ನೊಂದು.

ಈ ಅವಕಾಶವನ್ನು ಯಾರೂ ಹಿಡಿಯಲಿಲ್ಲವೆಂದು ಹೇಳಿದರೆ ತಪ್ಪಾದೀತು. ಸಂಸ್ಥೆಗಳು ಹಿಡಿದವು. ಸಂವಿಧಾನದ 30ನೆಯ ವಿಧಿಯ ರಕ್ಷಣೆ, ಪ್ರವೇಶ ಹಾಗೂ ಆಡಳಿತದ ಸ್ವಾತಂತ್ರ್ಯ, 2014ರ ಮೇ ತಿಂಗಳ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಿಂದ ದೊರೆತ ಶಿಕ್ಷಣ ಹಕ್ಕು ಕಾಯ್ದೆಯ ವಿನಾಯಿತಿ, ಇವೆಲ್ಲವುಗಳ ಅರ್ಥ ಆಡಳಿತ ಮಂಡಳಿಗಳಿಗೆ ಬೇಗನೆ ತಿಳಿಯಿತು. ಅಲ್ಪಸಂಖ್ಯಾತ ಪ್ರಮಾಣಪತ್ರವನ್ನು ಪಡೆದ ಶಾಲೆ ಕಾಲೇಜುಗಳು ಬಡ ಜೈನ ಮಗುವಿಗೆ ಉಚಿತವಾಗಿಟ್ಟ ಸ್ಥಾನಗಳೆಷ್ಟು, ಹಳ್ಳಿಯಿಂದ ಬಂದವರಿಗೆ ಕಟ್ಟಿಸಿದ ವಸತಿನಿಲಯಗಳೆಷ್ಟು ಎಂದು ಅವುಗಳ ವಾರ್ಷಿಕ ಸಭೆಗಳಲ್ಲಿ ಕೇಳಬೇಕು. ಬಡವನ ಹೆಸರಿನಲ್ಲಿ ಬಂದ ಹಕ್ಕು ಬಡವನ ಮನೆಗೆ ತಲುಪದಿದ್ದರೆ ಅದನ್ನು ಸದುಪಯೋಗವೆನ್ನಲಾಗದು.

ಅವಕಾಶವನ್ನು ಹಿಡಿಯುವ ಬಗೆಯನ್ನು ಕಲಿಯಲು ಜೈನರು ದೂರ ಹೋಗಬೇಕಾಗಿಲ್ಲ. ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಆಕೆ ಲಕ್ಕುಂಡಿಯಲ್ಲಿ ಬಸದಿಯನ್ನೂ ಕಟ್ಟಿಸಿದಳು. ಆದರೆ ಬಸದಿ ಕಟ್ಟಿದ ಮೇಲೆ ಪುಸ್ತಕಕ್ಕೆ ಹಣವಿಲ್ಲವೆನ್ನಲಿಲ್ಲ. 1899ರಲ್ಲಿ ದಕ್ಷಿಣ ಭಾರತ ಜೈನ ಸಭೆ ಹುಟ್ಟಿದಾಗ ಅದರ ಹಿರಿಯರು ಬೋರ್ಡಿಂಗುಗಳತ್ತ ದೃಷ್ಟಿಯಿಟ್ಟರು. ಕೊಲ್ಲಾಪುರದಲ್ಲಿ ಶಾಹೂ ಮಹಾರಾಜರು ಹಿಂದುಳಿದವರ ವಿದ್ಯೆಗೆ ಒಲವು ತೋರಿದ ಆ ಕೆಲವೇ ವರ್ಷಗಳ ಅನುಕೂಲವನ್ನು ಅವರು ಕಂಡುಕೊಂಡರು. ರೈತಾಪಿ ಜೈನರ ಮನೆಗಳಿಂದ ವಕೀಲರೂ ಶಿಕ್ಷಕರೂ ಹೊರಬಂದರು.

ಕರ್ಮವೀರ ಭಾವೂರಾವ ಪಾಟೀಲರ ಕಥೆ ಇನ್ನೂ ಚುಚ್ಚುವಂಥದು. ಕೊಲ್ಲಾಪುರದ ಜೈನ ಬೋರ್ಡಿಂಗಿನಲ್ಲಿ ಓದುತ್ತಿದ್ದಾಗ ಅವರು ಅಸ್ಪೃಶ್ಯರೆನಿಸಿಕೊಂಡ ವಿದ್ಯಾರ್ಥಿಗಳ ವಸತಿನಿಲಯದ ಉದ್ಘಾಟನೆಗೆ ಹೋಗಿಬಂದು, ಮೈಲಿಗೆ ಕಳೆಯಲು ಸ್ನಾನ ಮಾಡಲು ಒಪ್ಪದೆ ಹೊರಹಾಕಿಸಿಕೊಂಡರು. ಮೆಟ್ರಿಕ್ ಕೂಡ ದಾಟದ ಆ ತರುಣ 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. ಸಾತಾರೆಯ ವಸತಿನಿಲಯದ ಮಕ್ಕಳ ಊಟಕ್ಕಾಗಿ ಅವರ ಪತ್ನಿ ಲಕ್ಷ್ಮೀಬಾಯಿ ಮಂಗಳಸೂತ್ರವನ್ನೂ ತೆಗೆದುಕೊಟ್ಟರು. ಸಂಕುಚಿತ ಮಡಿಯ ಹೆಸರಿನಲ್ಲಿ ಸಮಾಜ ಹೊರದೂಡಿದ ಹುಡುಗ ಲಕ್ಷಾಂತರ ಮಕ್ಕಳಿಗೆ ಬಾಗಿಲು ತೆರೆದ. ಮುಂಬಯಿಗೆ ಬಂದ ಕನ್ನಡಿಗರದೂ ಇಂತಹದೇ ಮಾತು. ಹಗಲು ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿಶಾಲೆಯ ಬೆಂಚಿನಲ್ಲಿ ಕುಳಿತ ಹುಡುಗರು ತಮಗೆ ಸಿಕ್ಕ ಎರಡು ಗಂಟೆಯ ಅವಕಾಶವನ್ನು ಬಿಡಲಿಲ್ಲ. ಅಂಥವರ ಮೊಮ್ಮಕ್ಕಳು ಇಂದು ಟ್ರಸ್ಟುಗಳ ಪದಾಧಿಕಾರಿಗಳಾಗಿ, ಅರ್ಜಿ ತುಂಬಿಸಲು ಸಮಯವಿಲ್ಲವೆನ್ನುವುದು ಸರಿಯೆ?

ಸರ್ಕಾರದ ಬಾಗಿಲು ಕಿರಿದಾಗುತ್ತಿರುವಾಗ ಸಮಾಜದ ಸ್ವಂತ ಬೊಕ್ಕಸದತ್ತ ನೋಡಬೇಕು. ಸಾರ್ವಜನಿಕ ಟ್ರಸ್ಟ್ ತನ್ನ ವರ್ಷದ ಆದಾಯದ ಶೇಕಡ 85ರಷ್ಟನ್ನು ಉದ್ದೇಶಿತ ಕಾರ್ಯಕ್ಕೆ ವಿನಿಯೋಗಿಸಬೇಕೆಂಬುದು ಆದಾಯ ತೆರಿಗೆಯ ನಿಯಮ. ವಿನಿಯೋಗಿಸಲಾಗದಿದ್ದರೆ ಕಾರಣ ತಿಳಿಸಿ ಐದು ವರ್ಷದವರೆಗೆ ಕೂಡಿಡಬಹುದು. ಈ ಸವಲತ್ತಿನ ನೆರಳಿನಲ್ಲಿ ‘ಕಟ್ಟಡ ನಿಧಿ’ ಎಂಬ ಶೀರ್ಷಿಕೆ ಬೆಳೆಯುತ್ತಲೇ ಇರುತ್ತದೆ. ಒಂದು ಟ್ರಸ್ಟಿನ ಆದಾಯ 40 ಲಕ್ಷವೆಂದಿಟ್ಟುಕೊಳ್ಳೋಣ. ವಿನಿಯೋಗಿಸಬೇಕಾದದ್ದು 34 ಲಕ್ಷ. ಅದರ ಕಾಲುಭಾಗವಾದ ಎಂಟೂವರೆ ಲಕ್ಷವನ್ನು ವಿದ್ಯೆಗಿಟ್ಟರೆ, ತಲಾ 50,000ದಂತೆ ಪ್ರತಿವರ್ಷ ಹದಿನೇಳು ಮಕ್ಕಳು ಓದುತ್ತಾರೆ. ಉಳಿದ ಇಪ್ಪತ್ತೈದೂವರೆ ಲಕ್ಷದಲ್ಲಿ ಪೂಜೆಯೂ ನಡೆಯುತ್ತದೆ, ಪ್ರಭಾವನೆಯೂ ಆಗುತ್ತದೆ. ಯಾವ ಮೂರ್ತಿಯ ಪ್ರತಿಷ್ಠೆಯೂ ಕುಂದುವುದಿಲ್ಲ.

ಜೈನರಿಗೆಂದೇ ಮೀಸಲಿಟ್ಟರೆ ತೆರಿಗೆ ವಿನಾಯಿತಿ ತಪ್ಪುತ್ತದೆಂಬ ಆಕ್ಷೇಪ ಇಲ್ಲಿ ಏಳುತ್ತದೆ. 1961ರ ಕಾಯ್ದೆ ಜಾರಿಗೆ ಬಂದ ಮೇಲೆ ಹುಟ್ಟಿದ, ಒಂದೇ ಧರ್ಮ ಸಮುದಾಯದ ಹಿತಕ್ಕಷ್ಟೇ ಮೀಸಲಾದ ದತ್ತಿಗಳಿಗೆ ಅಂತಹ ತೊಡಕನ್ನು ಅದು ಒಡ್ಡಿದ್ದುದು ನಿಜ. ಆದರೆ ಅದು ಕೊಡದಿರಲು ಕಾರಣವಾಗಬಾರದು. ವಿದ್ಯಾರ್ಥಿವೇತನವನ್ನು ಬಡತನ ಮತ್ತು ಅರ್ಹತೆಯ ಆಧಾರದ ಮೇಲೆ ಎಲ್ಲರಿಗೂ ತೆರೆಯಲಿ. ಬಡ ಜೈನ ಮಗುವೂ ಅದರಲ್ಲಿ ಬರುತ್ತದೆ, ನೆರೆಮನೆಯ ಮಗುವೂ ಬರುತ್ತದೆ. ಭಾವೂರಾವ ಪಾಟೀಲರು ಮಾಡಿದ್ದು ಅದನ್ನೇ. ಜೀವದಯೆಯನ್ನು ಸಾರುವ ಧರ್ಮಕ್ಕೆ ಇದರಲ್ಲಿ ಸಂಕೋಚವೇಕೆ?

ಮಾಡಬೇಕಾದದ್ದು ಕಠಿಣವೂ ಅಲ್ಲ. ಪ್ರತಿ ಸಂಘ ಚಾತುರ್ಮಾಸದ ಆರಂಭದಲ್ಲಿ ಹಿಂದಿನ ವರ್ಷದ ಆದಾಯವೆಷ್ಟು, ವಿದ್ಯೆಗೆ ಹೋದದ್ದೆಷ್ಟು, ಠೇವಣಿಯಲ್ಲಿ ಉಳಿದದ್ದೆಷ್ಟು ಎಂದು ಒಂದೇ ಪುಟದಲ್ಲಿ ಬರೆದು ಬಸದಿಯ ಗೋಡೆಗೆ ಅಂಟಿಸಲಿ. ಜೂನಿನಿಂದ ಸೆಪ್ಟೆಂಬರಿನವರೆಗೆ ಭಾನುವಾರಗಳಂದು ಇಬ್ಬರು ತರುಣರು ಮೇಜು ಹಾಕಿ ಆದಾಯ ಪ್ರಮಾಣಪತ್ರ, ವಿದ್ಯಾರ್ಥಿಯ ಬ್ಯಾಂಕ್ ಖಾತೆ, ಶಾಲೆಯ ದೃಢೀಕರಣಗಳ ಗೊಂದಲವನ್ನು ಬಿಡಿಸಿಕೊಡಲಿ. ಕಲಶದ ಸವಾಲಿನಲ್ಲಿ ಕೂಗಿದ ಮೊತ್ತದ ಒಂದು ಪಾಲು ವಿದ್ಯಾನಿಧಿಗೆ ಹೋಗಲೆಂದು ಮೊದಲೇ ನಿರ್ಣಯವಾಗಲಿ. ಶ್ರವಣಬೆಳಗೊಳದಲ್ಲಿ 2018ರಲ್ಲಿ ಮಹಾಮಸ್ತಕಾಭಿಷೇಕ ನಡೆಯಿತು. ಹನ್ನೆರಡು ವರ್ಷದ ಲೆಕ್ಕದಲ್ಲಿ ಮುಂದಿನದು 2030ಕ್ಕೆ. ಇಂದು ಐದನೆಯ ತರಗತಿಯಲ್ಲಿರುವ ಹುಡುಗಿ ಅಷ್ಟರಲ್ಲಿ ಹತ್ತನೆಯ ತರಗತಿಗೆ ಸಮೀಪಿಸಿರುತ್ತಾಳೆ. ಬಾಹುಬಲಿ ಹನ್ನೆರಡು ವರ್ಷ ಕಾಯುತ್ತಾನೆ, ಆಕೆ ಕಾಯಲಾರಳು.

ಇನ್ನೊಂದು ಬಾಗಿಲು ಈಗಷ್ಟೇ ತೆರೆಯುತ್ತಿದೆ. 2021ರಲ್ಲಿ ನಡೆಯಬೇಕಿದ್ದ ಜನಗಣತಿ 2027ಕ್ಕೆ ಬಂದಿದೆ. ದೇಶದ ಬಹುಭಾಗಕ್ಕೆ 2027ರ ಮಾರ್ಚ್ 1 ಗಣತಿಯ ಆಧಾರ ದಿನ. ಹಲವು ಮಕ್ಕಳ ಶಾಲಾ ದಾಖಲೆಯಲ್ಲಿ ‘ಹಿಂದೂ ಜೈನ’ ಎಂದೋ ಬರಿಯ ‘ಹಿಂದೂ’ ಎಂದೋ ಇದೆ; ಗಣತಿದಾರನೂ ಶೆಟ್ಟಿ, ಹೆಗ್ಗಡೆ, ಪಾಟೀಲ ಎಂಬ ಅಡ್ಡಹೆಸರನ್ನು ಕೇಳಿ ತನಗೆ ತೋಚಿದ್ದನ್ನು ಬರೆದುಕೊಳ್ಳುವುದುಂಟು. ಧರ್ಮದ ಅಂಕಣದಲ್ಲಿ ‘ಜೈನ’, ಮಾತೃಭಾಷೆಯ ಅಂಕಣದಲ್ಲಿ ‘ಕನ್ನಡ’ ಎಂದು ಬರೆಯಿಸಲು ಅರ್ಧ ನಿಮಿಷ ಸಾಕು. ಬರೆಯಿಸದಿದ್ದರೆ ಮುಂದಿನ ಗಣತಿಯವರೆಗೆ ಆ ಕುಟುಂಬ ಲೆಕ್ಕದಲ್ಲಿ ಇಲ್ಲವೆಂದೇ ಅರ್ಥ. ಲೆಕ್ಕದಲ್ಲಿಲ್ಲದವರಿಗೆ ಯೋಜನೆಯೂ ಇಲ್ಲ, ಪರನಾಡಿನಲ್ಲಿ ಕನ್ನಡ ಶಾಲೆಯೂ ಇಲ್ಲ.

ರತ್ನವನ್ನೆಸೆದವನ ದೃಷ್ಟಾಂತದಲ್ಲಿ ಆತ ದುಷ್ಟನೆಂದು ಯಾರೂ ಹೇಳಿಲ್ಲ. ಕೈಯಲ್ಲಿದ್ದುದು ಏನೆಂದು ಆತ ನೋಡಿಕೊಳ್ಳಲಿಲ್ಲ, ಅಷ್ಟೇ. 2014ರ ಜನವರಿಯಿಂದ ಹನ್ನೆರಡು ವರ್ಷಗಳು ಸಂದಿವೆ. ಜೈನ ಸಮಾಜವಾದರೂ ಈಗಲಾದರೂ ಮುಷ್ಟಿ ಬಿಚ್ಚಿ, ಉಳಿದಿರುವುದೇನೆಂದು ನೋಡಿಕೊಳ್ಳಲಿ.