ಕರ್ಣನ ದಾನವೂ ಕೇರಿಯ ಹಕ್ಕುಪತ್ರವೂ

ನಂಜನಗೂಡು, ನರಸೀಪುರದ ಕೇರಿ ಹುಡುಗರೇ, ನಿಮ್ಮ ಜೊತೆ ಒಂದು ಜಗಳ ಇದೆ.

ಅಂಬರೀಷ್ ಅಂದರೆ ನಿಮಗೆ ಇವತ್ತಿಗೂ ಮೈ ಜುಮ್ಮನ್ನುತ್ತೆ. ನಮಗೂ ಅನ್ನುತ್ತಿತ್ತು, ಸುಳ್ಳು ಯಾಕೆ ಹೇಳೋಣ. ತಿರುಮಕೂಡಲಿನ ಪಿಟೀಲು ಚೌಡಯ್ಯನವರ ಮೊಮ್ಮಗ ಅಂತ ನರಸೀಪುರದವರಿಗೆ ಹೆಮ್ಮೆ ಬೇರೆ. 1972ರ 'ನಾಗರಹಾವು' ಚಿತ್ರದ ಪುಂಡ ಜಲೀಲ, 1981ರ 'ಅಂತ'ದಲ್ಲಿ ದೊಡ್ಡವರ ಹೊಲಸು ಬಯಲಿಗೆಳೆಯುವ ಪೊಲೀಸ್ ಅಧಿಕಾರಿಯಾದ. ಕೇರಿಯಲ್ಲಿ ಒಡೆಯರ ಮುಂದೆ ತಲೆ ಎತ್ತಲಾರದ ನಾವು ಟೆಂಟಿನ ಕತ್ತಲಲ್ಲಿ ಅವನ ಜೊತೆ ತಲೆ ಎತ್ತಿದೆವು. ಅದಕ್ಕೆ ಶಿಳ್ಳೆ ಹಾಕಿದೆವು.

ಆ ಶಿಳ್ಳೆಯೇ ಓಟಾಯಿತು. 1998ರಲ್ಲಿ ಜನತಾದಳದಿಂದ, 1999 ಮತ್ತು 2004ರಲ್ಲಿ ಕಾಂಗ್ರೆಸ್ಸಿನಿಂದ ಮಂಡ್ಯದ ಎಂಪಿ. 2007ರಲ್ಲಿ ಕಾವೇರಿ ನ್ಯಾಯಮಂಡಳಿಯ ತೀರ್ಪು ಬಂದಾಗ ಕೇಂದ್ರದ ಮಂತ್ರಿಗಿರಿಗೆ ರಾಜೀನಾಮೆ ಕೊಟ್ಟರು. ಜನ ಹೊತ್ತು ಮೆರೆಸಿದರು. ಮೆರೆಸಲಿ. ಕಾವೇರಿ, ಕಪಿಲೆ ಎರಡೂ ಕೂಡುವ ಊರಿನವರು ನಾವು, ನೀರಿನ ಬೆಲೆ ಗೊತ್ತು. ಆ ನೀರು ಹರಿಯುವ ಗದ್ದೆಯಲ್ಲಿ ನಾಟಿ ಹಾಕುವ ನಮ್ಮವ್ವಂದಿರ ಹೆಸರಿಗೆ ಎಷ್ಟು ಗುಂಟೆ ಇದೆ ಅನ್ನೋದು ಆ ಮೆರವಣಿಗೆಯಲ್ಲಿ ಯಾರ ಬಾಯಿಗೂ ಬರಲಿಲ್ಲ, ಅಷ್ಟೆ.

2013ರಲ್ಲಿ ಮಂಡ್ಯದ ಎಮ್ಮೆಲ್ಲೆಯಾಗಿ ವಸತಿ ಮಂತ್ರಿಯಾದರು. ವಸತಿ ಖಾತೆ ಅಂದರೆ ನಮ್ಮ ಸೂರಿನ ಖಾತೆ ಕಣ್ರಪ್ಪಾ! ಗ್ರಾಮಸಭೆಯಲ್ಲಿ ಹೆಸರು ಬರಬೇಕು, ಪಾಯ ಹಾಕಿ ಫೋಟೋ ತೆಗೆಸಬೇಕು, ಲಿಂಟಲ್ಲಿಗೊಂದು ಫೋಟೋ, ಚಾವಣಿಗೊಂದು ಫೋಟೋ, ಒಂದೊಂದು ಫೋಟೋಗೆ ಒಂದೊಂದು ಕಂತು. (ಸಿನಿಮಾದವರಿಗಿಂತ ಹೆಚ್ಚು ಶೂಟಿಂಗು ನಮ್ಮ ಕೇರಿಯಲ್ಲೇ ನಡೆಯುತ್ತೆ.) ಸಾಲ ತಂದು ಪಾಯ ಹಾಕಿದವನ ಕಂತು ನಿಂತರೆ ಬಡ್ಡಿ ನಿಲ್ಲಲ್ಲ. ಆ ಖಾತೆಗೆ ದಿನಾ ಕಚೇರಿಗೆ ಬಂದು ಕಡತ ಓದುವ ಮನುಷ್ಯ ಬೇಕಿತ್ತು. ಮಂತ್ರಿ ಕೈಗೇ ಸಿಗಲ್ಲ ಅನ್ನೋ ದೂರು ಅವರ ಪಕ್ಷದೊಳಗೇ ಇತ್ತು. 2014ರಲ್ಲಿ ಕಾಯಿಲೆ ಬಿದ್ದು ಸಿಂಗಾಪುರದಲ್ಲಿ ಚಿಕಿತ್ಸೆ ಪಡೆದರು. ಕಾಯಿಲೆಯವರನ್ನು ಹಂಗಿಸುವ ಜನ ನಾವಲ್ಲ. ಆದರೆ ಖಾತೆ?

ಅಭಿಮಾನಿಗಳು ಅವರನ್ನು ಕಲಿಯುಗದ ಕರ್ಣ ಅಂದರು. ಕೇಳಿದವರಿಗೆ ಜೇಬಿಗೆ ಕೈ ಹಾಕಿ ಕೊಡುತ್ತಿದ್ದರು, ಒಪ್ಪುತ್ತೇವೆ. ಕರ್ಣನ ಮುಂದೆ ಕೈ ಚಾಚಿ ನಿಲ್ಲಬೇಕು. ಮಂತ್ರಿಯ ಮುಂದೆ ಅರ್ಜಿ ಹಿಡಿದು ನಿಂತವನು ಯಾಕೆ ಕೈ ಚಾಚಬೇಕು?

2016ರ ಜೂನ್ ನೆನಪು ಮಾಡಿಕೊಳ್ಳಿ. ಸಿದ್ದರಾಮಯ್ಯನವರು ಸಂಪುಟ ಬದಲಿಸಿದಾಗ ಅಂಬರೀಷರೂ ಹೋದರು, ಕಂದಾಯ ಮಂತ್ರಿಯಾಗಿದ್ದ ನಮ್ಮ ನಂಜನಗೂಡಿನ ಶ್ರೀನಿವಾಸಪ್ರಸಾದರೂ ಹೋದರು. ನಟನಿಗಾಗಿ ಮಂಡ್ಯದಲ್ಲಿ ರಸ್ತೆ ಬಂದಾಯಿತು. ಅವರು ಶಾಸಕ ಸ್ಥಾನಕ್ಕೂ ರಾಜೀನಾಮೆ ಕಳಿಸಿದರು. 2018ರವರೆಗೆ ಶಾಸಕರಾಗೇ ಉಳಿದರು. ಪ್ರಸಾದರು ನಿಜವಾಗಿ ಬಿಟ್ಟರು, 2017ರ ಉಪಚುನಾವಣೆಯಲ್ಲಿ ನಿಂತು ಸೋತರು. ಅವರು ಕಮಲ ಹಿಡಿದದ್ದನ್ನು ನಾವು ಒಪ್ಪಿಲ್ಲ, ಒಪ್ಪೋದೂ ಇಲ್ಲ. ಆದರೂ ಕೇಳುತ್ತೇವೆ: ದಲಿತ ಮಂತ್ರಿಯ ರಾಜೀನಾಮೆಗೆ ಕುರ್ಚಿಯೇ ಬೆಲೆಯಾಯಿತು, ನಟನ ರಾಜೀನಾಮೆಗೆ ಬರೀ ಚಪ್ಪಾಳೆಯೇ?

2018ರ ನವೆಂಬರಿನಲ್ಲಿ ಅವರು ತೀರಿಕೊಂಡಾಗ ನಮ್ಮ ಕಣ್ಣೂ ಒದ್ದೆಯಾಯಿತು. ಮರುವರ್ಷ ಹೆಂಡತಿ ಸುಮಲತಾ ಪಕ್ಷೇತರರಾಗಿ ಮಂಡ್ಯದಿಂದ ಗೆದ್ದರು. ಸೋತ ನಿಖಿಲ್ ಕೂಡ ನಟರೇ. ಅತ್ತ ನಟಿ, ಇತ್ತ ನಟ, ನಡುವೆ ನಾವು ಬಾವುಟ ಕಟ್ಟುವವರು.

ಇನ್ನೊಬ್ಬ ಹೀರೋ ಓಟಿಗೆ ಬಂದೇ ಬರ್ತಾನೆ. ಜೀಪು ಕೇರಿ ಬಾಗಿಲಿಗೆ ಬಂದಾಗ ಶಿಳ್ಳೆ ಹಾಕೋ ಮುಂಚೆ, ಪಾಯದಲ್ಲೇ ನಿಂತು ಹುಲ್ಲು ಬೆಳೆದಿರುವ ಮನೆಗಳ ಹತ್ತಿರ ಅವನನ್ನು ನಡೆಸಿಕೊಂಡು ಹೋಗ್ರಲಾ. ಬೇಕಾದರೆ ಫೋಟೋನೂ ತೆಗೀರಿ.