ಹೋದ ಹಣ ಹೋಯಿತು ಎನ್ನಲಾರದ ಮನಸ್ಸು

ರಾತ್ರಿ ನಿದ್ರೆಯಿಲ್ಲ, ಎದೆ ಡವಡವ ಎನ್ನುತ್ತದೆ, ಗ್ಯಾಸ್ಟ್ರಿಕ್ ತೊಂದರೆ, ಮನೆಯವರ ಮೇಲೆ ಕಾರಣವಿಲ್ಲದೆ ಸಿಡುಕು. ಈ ದೂರುಗಳನ್ನು ಹೊತ್ತು ಮೂವತ್ತರ ಆಸುಪಾಸಿನ ಯುವಕರು ಬಂದರೆ ಹಿಂದೆಲ್ಲ ನಾವು ವೈದ್ಯರು ಕೇಳುತ್ತಿದ್ದುದು ಸಿಗರೇಟು, ಕುಡಿತ, ಕೆಲಸದ ಒತ್ತಡಗಳ ಬಗ್ಗೆ. ಕೆಲವು ವರ್ಷಗಳಿಂದ ನಾನು ಇನ್ನೊಂದು ಪ್ರಶ್ನೆಯನ್ನು ಸೇರಿಸಿಕೊಂಡಿದ್ದೇನೆ: ‘ಮೊಬೈಲಿನಲ್ಲಿ ಹಣ ಕಟ್ಟಿ ಇಸ್ಪೀಟು ಆಡುವುದುಂಟೆ?’ ಜೊತೆಗೆ ಬಂದ ಹೆಂಡತಿಯೋ ತಾಯಿಯೋ ಹೊರಗೆ ಹೋದ ಮೇಲೆಯೇ ಇದಕ್ಕೆ ಉತ್ತರ ಸಿಗುವುದು.

2025ರ ಆಗಸ್ಟ್ ತಿಂಗಳಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ ಒಪ್ಪಿಗೆ ನೀಡಿತು. ದೊಡ್ಡ ಕಂಪನಿಗಳು ರಮ್ಮಿ, ಪೋಕರ್ ಮೇಜುಗಳನ್ನು ಮುಚ್ಚಿದವು. ಒಳ್ಳೆಯದೇ ಆಯಿತು. ಆದರೆ ಮೇಜು ಮುಚ್ಚಿದ ದಿನವೇ ಸೋತವನ ಸಾಲ ಮುಚ್ಚಲಿಲ್ಲ, ಅವನ ತಲೆಯೊಳಗಿನ ಲೆಕ್ಕವೂ ಮುಚ್ಚಲಿಲ್ಲ. ‘ಇನ್ನೊಂದು ತಿಂಗಳು ಸಿಕ್ಕಿದ್ದರೆ ಎಲ್ಲವನ್ನೂ ವಾಪಸು ತೆಗೆಯುತ್ತಿದ್ದೆ’ ಎಂದು ಕೊರಗುವವರಿದ್ದಾರೆ. ವಿದೇಶದಿಂದ ನಡೆಯುವ ಕಳ್ಳ ಮೇಜುಗಳನ್ನು ಹುಡುಕಿಕೊಂಡು ಹೋಗುವವರೂ ಇವರೇ.

ಪೋಕರ್‌ನಲ್ಲಿ ತಿಂಗಳುಗಟ್ಟಲೆ ಸೋತವರ ಪಾಡು ಲಾಟರಿಯಲ್ಲಿ ಕಳೆದುಕೊಂಡವರ ಪಾಡಿಗಿಂತ ಬೇರೆ. ಲಾಟರಿ ಹೊಡೆಯದಿದ್ದರೆ ಅದೃಷ್ಟವಿಲ್ಲ ಎಂದು ಸುಮ್ಮನಾಗಬಹುದು. ಪೋಕರ್‌ನಲ್ಲಿ ನಿಜಕ್ಕೂ ಸ್ವಲ್ಪ ಜಾಣ್ಮೆಗೆ ಬೆಲೆಯಿದೆ. ಬಲೆ ಇರುವುದು ಅಲ್ಲಿಯೇ. ಗೆದ್ದರೆ ನನ್ನ ಬುದ್ಧಿವಂತಿಕೆ, ಸೋತರೆ ಕೆಟ್ಟ ಎಲೆ ಎಂದು ಮನಸ್ಸು ಬೇಗ ತೀರ್ಮಾನಿಸುತ್ತದೆ. ಕೈಯಲ್ಲಿ ಎರಡು ಎಕ್ಕ ಇದ್ದು ಎದುರಾಳಿಯ ಕೈಯಲ್ಲಿ ಎರಡು ರಾಜ ಇದ್ದಾಗಲೂ ಐದರಲ್ಲಿ ಸುಮಾರು ಒಂದು ಬಾರಿ ಎಕ್ಕದವನೇ ಸೋಲುತ್ತಾನೆ. ಅಂತಹ ಆಟದಲ್ಲಿ ಸತತ ಮೂರು ಬಾರಿ ಸೋಲುವ ಸಂಭವ 125ರಲ್ಲಿ ಒಂದು. ಮೇಜಿನ ಸುತ್ತ ಕುಳಿತು ಎಲೆ ಹಂಚಿ ಆಡಿದರೆ ಗಂಟೆಗೆ ಮೂವತ್ತು ಆಟ ನಡೆದರೆ ಹೆಚ್ಚು. ಮೊಬೈಲಿನಲ್ಲಿ ಅದರ ಎರಡು ಮೂರು ಪಟ್ಟು, ಏಕಕಾಲಕ್ಕೆ ನಾಲ್ಕು ಮೇಜು ತೆರೆದರೆ ಇನ್ನೂ ಹೆಚ್ಚು. ಅಷ್ಟು ವೇಗದಲ್ಲಿ ಆಡುವವನಿಗೆ ಅಪರೂಪದ ಸೋಲುಗಳೂ ಬೇಗ ಬೇಗ ಎದುರಾಗುತ್ತವೆ. ಚೆನ್ನಾಗಿ ಆಡುವವನಿಗೂ ದೀರ್ಘ ಸೋಲಿನ ಸರಣಿ ಬರುತ್ತದೆ, ಕೆಟ್ಟದಾಗಿ ಆಡುವವನಿಗೂ ಬರುತ್ತದೆ. ತಾನು ಯಾವ ಗುಂಪಿನವನು ಎಂದು ಸರಣಿಯ ನಡುವೆ ಇರುವವನಿಗೆ ತಿಳಿಯುವುದೇ ಇಲ್ಲ. ಸಾಲದ್ದಕ್ಕೆ ಆಟ ನಡೆಸುವವರು ಹಣದ ರಾಶಿಯಿಂದ ತಮ್ಮ ಪಾಲು ಮುರಿದುಕೊಳ್ಳುತ್ತಾರೆ. ಆದ್ದರಿಂದ ಮೇಜಿಗೆ ಬಂದ ಹಣಕ್ಕಿಂತ ಆಟಗಾರರು ಮನೆಗೆ ಒಯ್ಯುವ ಹಣ ಯಾವಾಗಲೂ ಕಡಿಮೆ.

ಇನ್ನು ಮನಸ್ಸಿನ ವಿಷಯ. ಡೇನಿಯಲ್ ಕಾಹ್ನೆಮನ್ ಮತ್ತು ಏಮೋಸ್ ಟ್ವರ್‌ಸ್ಕಿ ಎಂಬ ಇಬ್ಬರು ಮನಃಶಾಸ್ತ್ರಜ್ಞರು 1979ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಬಂಧವೊಂದಿದೆ. ನೂರು ರೂಪಾಯಿ ಸಿಕ್ಕ ಸಂತೋಷಕ್ಕಿಂತ ನೂರು ರೂಪಾಯಿ ಕಳೆದ ನೋವು ದೊಡ್ಡದು ಎಂಬುದು ಅದರ ಒಂದು ಅಂಶ. ನಮಗೆ ಇಲ್ಲಿ ಮುಖ್ಯವಾದುದು ಇನ್ನೊಂದು. ನಷ್ಟವನ್ನು ಒಪ್ಪಿಕೊಳ್ಳದ ಮನುಷ್ಯ, ಬೇರೆ ಸಮಯದಲ್ಲಾದರೆ ಕೈಯಿಂದಲೂ ಮುಟ್ಟದಂತಹ ಅಪಾಯದ ಪಣಕ್ಕೂ ಮುಂದಾಗುತ್ತಾನೆ. ಐದು ನೂರಕ್ಕೆ ಹೆದರುತ್ತಿದ್ದವನು ಸೋಲಿನ ನಂತರ ಐವತ್ತು ಸಾವಿರ ಹೂಡುವುದು ಹೀಗೆ. ಪೋಕರ್ ಆಡುವವರಲ್ಲಿ ಇದಕ್ಕೆ ‘ಟಿಲ್ಟ್’ ಎಂಬ ಹೆಸರೇ ಇದೆ: ಸಿಟ್ಟಿನಲ್ಲಿ ಸಮತೋಲ ತಪ್ಪಿ ಆಡುವುದು. ಇದರ ಮೇಲೆ ನಿದ್ರೆಗೆಟ್ಟ ರಾತ್ರಿ, ಎರಡು ಪೆಗ್ ಮದ್ಯ ಸೇರಿದರೆ ವಿವೇಚನೆಯ ಮಾತೇ ಬೇಡ.

‘ಡಾಕ್ಟ್ರೇ, ಈ ಸೋಲನ್ನು ಸಹಿಸಿಕೊಂಡು ತಲೆ ತಣ್ಣಗಿಟ್ಟು ಆಡುವುದು ಹೇಗೆ ಹೇಳಿ’ ಎಂದು ಕೇಳುವವರಿದ್ದಾರೆ. ಧ್ಯಾನ ಮಾಡಲೇ, ಪ್ರಾಣಾಯಾಮ ಮಾಡಲೇ ಎಂಬ ಪ್ರಶ್ನೆ ಬೇರೆ. ಎರಡೂ ಒಳ್ಳೆಯವೇ, ಮತ್ತೆ ಜೂಜಿಗೆ ಕೂರುವ ಸಿದ್ಧತೆಯಾಗಿ ಅಲ್ಲ. ನನ್ನ ಅಭಿಪ್ರಾಯದಲ್ಲಿ ದೀರ್ಘ ಸೋಲಿಗೆ ಮನಸ್ಸನ್ನು ಹೊಂದಿಸಿಕೊಳ್ಳುವುದೆಂದರೆ ಒಂದೇ ಅರ್ಥ: ಹೋದ ಹಣ ಮರಳಿ ಬರುವುದಿಲ್ಲ ಎಂದು ಒಪ್ಪಿಕೊಳ್ಳುವುದು. ಮನೆಯಲ್ಲಿ ಸಾವಾದರೆ ಅತ್ತು, ಸೂತಕ ಕಳೆದು, ಮತ್ತೆ ದಿನಚರಿಗೆ ಮರಳುತ್ತೇವೆ. ಹಣದ ವಿಷಯದಲ್ಲೂ ಅಂಥದೊಂದು ದುಃಖ ಕಳೆಯಬೇಕು. ಇದಕ್ಕೆ ಒಂದು ಉಪಾಯವಿದೆ. ಬ್ಯಾಂಕಿನ ಲೆಕ್ಕ ಮುಂದಿಟ್ಟುಕೊಂಡು ಎಷ್ಟು ಹೋಯಿತು ಎಂದು ಒಂದು ಹಾಳೆಯ ಮೇಲೆ ಬರೆಯಿರಿ, ಕೆಳಗೆ ತಾರೀಖು ಹಾಕಿ, ಮನೆಯಲ್ಲಿ ನಂಬಿಕೆಯ ಒಬ್ಬರಿಗೆ ತೋರಿಸಿ. ಒಂದೂವರೆ ಲಕ್ಷ ಇರಬಹುದು ಎಂದುಕೊಂಡದ್ದು ನಾಲ್ಕು ಲಕ್ಷವಾಗಿರುವುದು ಬರೆದಾಗಲೇ ತಿಳಿಯುವುದು. ಆ ರಾತ್ರಿ ಕಷ್ಟವಾಗುತ್ತದೆ. ಆದರೆ ಗುಟ್ಟು ಬಯಲಾದ ಮೇಲೆ ನಿದ್ರೆ ಬಂತು ಎಂದು ಹೇಳಿದವರು ನನ್ನ ರೋಗಿಗಳಲ್ಲಿ ಒಬ್ಬರಿಗಿಂತ ಹೆಚ್ಚು.

ಆಮೇಲೆ ದಾರಿಗಳನ್ನು ಮುಚ್ಚಬೇಕು. ಮೊಬೈಲಿನಲ್ಲಿ ಹಣ ಕಳಿಸುವ ದಿನದ ಮಿತಿಯನ್ನು ಇಳಿಸುವುದು, ಕ್ರೆಡಿಟ್ ಕಾರ್ಡು ಮನೆಯವರ ಕೈಗೆ ಕೊಡುವುದು, ಸಾಲ ಕೊಡುವ ಆ್ಯಪ್‌ಗಳನ್ನು ತೆಗೆದುಹಾಕುವುದು, ರಾತ್ರಿ ಮೊಬೈಲನ್ನು ಹಾಸಿಗೆಯಿಂದ ದೂರ ಇಡುವುದು. ಆಸೆ ಉಕ್ಕಿ ಬಂದಾಗ ಅರ್ಧ ಗಂಟೆ ಹೊರಗೆ ನಡೆದು ಬಂದರೆ ಬಹಳಷ್ಟು ಸಲ ಅದು ತಾನೇ ಇಳಿಯುತ್ತದೆ.

ಮನೆಯವರಿಗೂ ಒಂದು ಮಾತು. ಮಗ ಸಾಲ ಮಾಡಿಕೊಂಡ ಎಂದು ತಿಳಿದ ಕೂಡಲೇ ಸೈಟು ಮಾರಿ, ಒಡವೆ ಅಡವಿಟ್ಟು, ಯಾರಿಗೂ ತಿಳಿಯದ ಹಾಗೆ ತೀರಿಸಿಬಿಡುವುದು ನಮ್ಮಲ್ಲಿ ರೂಢಿ. ಮಹಾಭಾರತ ಬಲ್ಲವರಿಗೆ ಮೊದಲ ಜೂಜಿನ ನಂತರ ಏನಾಯಿತೆಂದು ನೆನಪಿರಬಹುದು. ಧರ್ಮರಾಯ ಕಳೆದುಕೊಂಡ ರಾಜ್ಯವನ್ನೆಲ್ಲ ಧೃತರಾಷ್ಟ್ರ ಹಿಂದಿರುಗಿಸಿದ್ದ. ಕರೆ ಬಂದೊಡನೆ ಧರ್ಮರಾಯ ಮತ್ತೆ ಹೋಗಿ ಕುಳಿತ. ಹನ್ನೆರಡು ವರ್ಷ ವನವಾಸ ಬಂದದ್ದು ಆ ಎರಡನೆಯ ಆಟದಿಂದ. ಸಾಲವನ್ನು ತೀರಿಸಬೇಡಿ ಎಂದು ನಾನು ಹೇಳುತ್ತಿಲ್ಲ. ತೀರಿಸುವುದಾದರೆ ಸಾಲ ಕೊಟ್ಟವರಿಗೆ ನೀವೇ ನೇರವಾಗಿ ಕಟ್ಟಿ, ಅವನ ಕೈಗೆ ನಗದು ಕೊಡಬೇಡಿ, ಮತ್ತು ಚಿಕಿತ್ಸೆ ಶುರುವಾದ ಮೇಲೆ ಮಾಡಿ. ನಾಲ್ಕು ಜನರ ಮುಂದೆ ಹೀಯಾಳಿಸುವುದರಿಂದಂತೂ ಯಾರೂ ಜೂಜು ಬಿಟ್ಟದ್ದನ್ನು ನಾನು ಕಂಡಿಲ್ಲ. ಮುಚ್ಚಿಡುವುದನ್ನು ಕಲಿತದ್ದನ್ನು ಕಂಡಿದ್ದೇನೆ.

ಇದು ಬರೀ ಕೆಟ್ಟ ನಡತೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ಜೂಜಿನ ಗೀಳಿಗೆ ಸ್ಥಾನವಿದೆ. ಮುಖ್ಯ ಚಿಕಿತ್ಸೆ ಮಾತಿನದು, ಅಂದರೆ ಯೋಚನೆಯ ತಪ್ಪು ಜಾಡುಗಳನ್ನು ಗುರುತಿಸಿ ತಿದ್ದುವ ಆಪ್ತಸಮಾಲೋಚನೆ. ಜೊತೆಗೆ ಖಿನ್ನತೆಯಿದ್ದರೆ ಅದಕ್ಕೆ ಮಾತ್ರೆ ಬೇಕಾಗಬಹುದು. ನಿದ್ರೆ ಮಾತ್ರೆಯನ್ನು ಔಷಧಿ ಅಂಗಡಿಯಿಂದ ನೀವೇ ತಂದು ನುಂಗುವುದು ಬೇಡ. ಪ್ರಸ್ತಾಪಕ್ಕೆ ಬಂದದ್ದರಿಂದ ಹೇಳುತ್ತೇನೆ: ಕಂಪವಾತಕ್ಕೆ ಕೊಡುವ ಪ್ರಾಮಿಪೆಕ್ಸೋಲ್‌ನಂತಹ ಕೆಲವು ಮಾತ್ರೆಗಳು ಅಪರೂಪಕ್ಕೆ ಜೂಜಿನ ಹಂಬಲವನ್ನು ಹುಟ್ಟಿಸಬಲ್ಲವು. ಎಂದೂ ಎಲೆ ಮುಟ್ಟದ ಹಿರಿಯರು ಚಿಕಿತ್ಸೆಯ ನಡುವೆ ಹಠಾತ್ತನೆ ಆಡತೊಡಗಿದರೆ ಬೈಯುವ ಮೊದಲು ವೈದ್ಯರಿಗೆ ತಿಳಿಸಿ. ಮಾತ್ರೆಯನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ.

ಕೊನೆಯದಾಗಿ, ಎಲ್ಲಕ್ಕಿಂತ ತುರ್ತಿನ ವಿಷಯ. ಸೋತವನು ಊಟ ಬಿಟ್ಟು, ಮಾತು ಬಿಟ್ಟು, ‘ನನ್ನಿಂದ ನಿಮಗೆಲ್ಲ ಭಾರ’ ಎನ್ನತೊಡಗಿದರೆ ಸಾಲದ ವಿಚಾರಣೆ ಪಕ್ಕಕ್ಕಿಡಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ, ಮೆತ್ತಗೆ ಕೇಳಿ. ಹಾಗೆ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಒಂಟಿಯಾಗಿ ಬಿಡಬೇಡಿ, ಮನೆಯಲ್ಲಿರುವ ಕೀಟನಾಶಕ, ಮಾತ್ರೆಗಳನ್ನು ಕೈಗೆಟುಕದಂತೆ ಇಟ್ಟು ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನಗಳಿಗೆ ಪ್ರತ್ಯೇಕ ವಿಭಾಗವಿದೆ; ಜಿಲ್ಲಾ ಆಸ್ಪತ್ರೆಗಳ ಮನೋವೈದ್ಯರನ್ನೂ ಕಾಣಬಹುದು. ಹೋಗುವಾಗ ಆ ಲೆಕ್ಕದ ಹಾಳೆ ಜೊತೆಗಿರಲಿ, ವೈದ್ಯರಿಗೆ ಅದು ಬೇಕಾಗುತ್ತದೆ.